ಮಾವ ಒಪ್ಪಿಕೊಂಡ ಮೇಲೆ

ಪ್ರೀತಿಯ ಅಪ್ಪಾಜಿ,

ಕುಬಟೂರಿನಿಂದ ನಿಮ್ಮ ನೀಲಾ ಮಾಡುವ ಶರಣು.

ನಾನು ನಿಮಗೆ ಕಾಗದ ಬರೆದು ಎಷ್ಟೋ ವರ್ಷಗಳಾದವು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, 'ಏನಂದೀ? ಜೋರಾಗಿ ಹೇಳು' ಎನ್ನುತ್ತೀರಿ. ನಾನು ಜೋರಾಗಿ ಹೇಳಿದರೆ ಜಗಲಿಯ ಮೇಲೆ ಕೂತಿರುವ ಮಾವನವರಿಗೆ ಕೇಳಿಸುತ್ತದೆ. ಇದು ಅವರಿಗೆ ಕೇಳಿಸುವ ಹಾಗೆ ಹೇಳುವ ವಿಷಯವಲ್ಲ. ಹಾಗಾಗಿ ಆನವಟ್ಟಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕ್ಲಾಸಿಲ್ಲದ ಹೊತ್ತಿನಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ದರ್ಜಿ ಅಜಮತ್ ಉಲ್ಲಾ ಸಾಹೇಬರು ನಾಳೆ ಮಗಳ ಮನೆಗೆಂದು ಶಿಕಾರಿಪುರಕ್ಕೆ ಬರುತ್ತಾರಂತೆ. ಅವರ ಕೈಯಲ್ಲಿ ಕಳಿಸುತ್ತೇನೆ. ಅವರು ಒಡೆದು ಓದುವವರಲ್ಲ. ಓದಿದರೂ ಅವರಿಗೆ ಗೊತ್ತಿಲ್ಲದ್ದು ಇದರಲ್ಲಿ ಅರ್ಧ ಮಾತ್ರ.

ಎಲ್ಲರ ಮೈಯೂ ಚೆನ್ನಾಗಿದೆ, ಅದಕ್ಕೆ ಹೆದರಬೇಡಿ. ಆದರೆ ಬರುವ ಸೋಮವಾರ ನಿಮ್ಮ ಅಳಿಯ ಗುರು ತಮ್ಮ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ, ಮೆದುಳಿನ ಡಾಕ್ಟರ ಹತ್ತಿರ. ಕಾರಣ ಕೇಳಿದರೆ ನೀವು ನಗುತ್ತೀರಿ. ಮೊದಲು ನನಗೂ ನಗು ಬಂದಿತ್ತು. ಕಾರಣ ಇಷ್ಟೇ: ಮೊನ್ನೆ ಭಾನುವಾರ ಮಾವನವರು ನಿಮ್ಮ ಮಾತನ್ನು ಒಪ್ಪಿಕೊಂಡರು.

ನಿಮಗೆ ಅದು ಗೆಲುವಿನ ದಿನ. ಊರಿಗೆ ಹೋಗಿ ನಿಮ್ಮ ಮೆಕ್ಕೆಜೋಳದ ಮಂಡಿಯಲ್ಲಿ ಎಲ್ಲರಿಗೂ ಹೇಳಿದಿರಂತೆ, 'ನಮ್ಮ ಸೊರಬದ ಸಮಾಜವಾದಿ ಬೀಗ್ರು ಕೊನೆಗೂ ದಾರಿಗೆ ಬಂದ್ರು' ಎಂದು. ಅಣ್ಣ ಫೋನಿನಲ್ಲಿ ನಕ್ಕು ನಕ್ಕು ಹೇಳಿದ. ಆ ನಗು ಕೇಳಿದಾಗ ನನ್ನ ಪಕ್ಕದಲ್ಲಿ ಗುರು ಕೂತಿದ್ದರು. ಅವರ ಮುಖ ನೀವು ನೋಡಬೇಕಿತ್ತು.

ನೀವಿಬ್ಬರೂ ಮೊದಲು ಜಗಳವಾಡಿದ್ದು ನನ್ನನ್ನು ನೋಡಲು ಬಂದ ದಿನವೇ ಅಲ್ಲವೇ? ನಾನು ಒಳಗೆ ಸೀರೆಯ ನೆರಿಗೆ ಹಿಡಿದುಕೊಂಡು, ನನ್ನ ಬಗ್ಗೆ ಏನು ಮಾತಾಡುತ್ತಾರೋ ಎಂದು ಕಿವಿಗೊಟ್ಟು ನಿಂತಿದ್ದೆ. ನೀವು ಬ್ಯಾಂಕ್ ರಾಷ್ಟ್ರೀಕರಣದ ಬಗ್ಗೆ ಮಾತಾಡುತ್ತಿದ್ದಿರಿ. 'ಸರ್ಕಾರ ತಗಳ್ದೇ ಇದ್ರೆ ನಮ್ಮಂಥ ಹಳ್ಳಿಗೆ ಬ್ಯಾಂಕು ಬರ್ತಿತ್ತೇನ್ರೀ?' ಎಂದು ಮಾವನವರು. 'ಬಂತ್ರೀ ಬಂತು, ಮ್ಯಾನೇಜರು ಮಾತ್ರ ಊಟಕ್ಕ ಹೋದೋನು ಇನ್ನೂ ಬಂದಿಲ್ಲ' ಎಂದು ನೀವು. 'ಚೀಲಕ್ಕೆ ಚುಚ್ಚಿ ರೈತನ ಮೆಕ್ಕೆಜೋಳ ನೋಡ್ತೀರಲ್ಲ, ಅವನ ಹೊಟ್ಟೆಗೆ ಚುಚ್ಚಿದ್ದು ನಿಮಗೆ ಕಾಣಲ್ಲ' ಎಂದರು ಅವರು. 'ನಾವು ಚುಚ್ಚಿ ನೋಡಿ ತಗಳ್ತೀವಿ. ಸರ್ಕಾರದ ಗೋಡೌನಿನಾಗ ಇಲಿ ಚುಚ್ಚಿ ನೋಡ್ತೈತಿ' ಎಂದಿರಿ ನೀವು. ಸಂಬಂಧ ಮುರಿಯಿತು ಎಂದೇ ಅಮ್ಮ ಅಂದುಕೊಂಡಿದ್ದಳು. ಮಾವನವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, 'ಹುಡುಗಿ ಒಪ್ಪಿಗೆ ಐತೆ. ಬೀಗ್ರಿಗೆ ಬುದ್ಧಿ ಹೇಳಾಕೆ ಆಗಾಗ ಬರಬೇಕಾಗುತ್ತೆ' ಎಂದರಂತೆ.

ಎಲೆ ಅಡಿಕೆಯ ನಿಯಮ ಮಾಡಿದ್ದು ಅಜಮತ್ ಸಾಹೇಬರು. ಮದುವೆಯ ಮಾರನೆಯ ದಿನ ನೀವಿಬ್ಬರೂ ರಷ್ಯಾ ಮುರಿದುಬಿದ್ದದ್ದು ಯಾಕೆ ಎಂದು ಕೂಗಾಡುತ್ತಿದ್ದಾಗ ಅವರು ನಡುವೆ ತಟ್ಟೆ ಇಟ್ಟು, 'ಸೋತೋರು ಗೆದ್ದೋರಿಗೆ ಎಲೆ ಮಡಿಸಿ ಕೊಡ್ಬೇಕು, ಅಲ್ಲೀವರೆಗೆ ಅವರವರ ಎಲೆ ಅವರವರೇ ಮಡಿಸ್ಕಳ್ರಿ' ಎಂದರು. ಅಂದಿನಿಂದ ನೀವಿಬ್ಬರೂ ಒಂದೇ ತಟ್ಟೆಯ ಮುಂದೆ ಕೂತು ನಿಮ್ಮ ನಿಮ್ಮ ಎಲೆ ನೀವೇ ಮಡಿಸಿಕೊಂಡು ಬಂದಿದ್ದೀರಿ. 'ಇಬ್ಬರ ಅಳತೆನೂ ಒಂದೇ, ಬಟ್ಟೆ ಮಾತ್ರ ಬೇರೆ' ಎಂದು ಸಾಹೇಬರು ಕಿಚಾಯಿಸುತ್ತಿದ್ದರು. ನಿಮ್ಮ ಮೊಮ್ಮಗಳು ರಕ್ಷಿತಾ ಚಿಕ್ಕವಳಿದ್ದಾಗ, ಬೀಗರು ಎಂದರೆ ಜಗಳವಾಡುವ ಅಜ್ಜಂದಿರು ಎಂದೇ ತಿಳಿದಿದ್ದಳು.

ನನಗೆ ಆ ಜಗಳ ಬೇಕಾಗಿತ್ತು, ಅಪ್ಪಾಜಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಬೋರ್ಡಿನ ನಡುವೆ ಗೆರೆ ಎಳೆದು ಈ ಕಡೆ ಸಮಾಜವಾದಿ ಅರ್ಥವ್ಯವಸ್ಥೆ, ಆ ಕಡೆ ಬಂಡವಾಳಶಾಹಿ ಅರ್ಥವ್ಯವಸ್ಥೆ ಎಂದು ಬರೆಯುತ್ತೇನೆ. ಉತ್ಪಾದನೆಯ ಸಾಧನ ಯಾರ ಕೈಯಲ್ಲಿ, ಬೆಲೆ ಯಾರು ನಿರ್ಧರಿಸುತ್ತಾರೆ, ಉದ್ದೇಶ ಲಾಭವೋ ಹಿತವೋ. ಕೊನೆಯಲ್ಲಿ, ಭಾರತದ್ದು ಮಿಶ್ರ ಆರ್ಥಿಕತೆ ಎಂದು ಬರೆಸಿ ಡಸ್ಟರ್ ತೆಗೆದುಕೊಳ್ಳುತ್ತೇನೆ. ಮಕ್ಕಳಿಗೆ ಅಂಕ ಬರುತ್ತದೆ. ಆದರೆ ಆ ಗೆರೆಯ ಎರಡೂ ಕಡೆ ಮನುಷ್ಯರು ಇರುತ್ತಾರೆ ಎನ್ನುವುದು ನನಗೆ ತಿಳಿದದ್ದು ನಿಮ್ಮಿಬ್ಬರ ಕೂಗಾಟದಿಂದ. 'ನಿಮ್ಮ ಅಂಜನಾಪುರದ ಡ್ಯಾಮು ಯಾವ ಕಂಪನಿ ಕಟ್ಟಿಸ್ತು ಬೀಗ್ರೇ?' ಎಂದು ಅವರು ಕೇಳಿದರೆ ನೀವು ಸುಮ್ಮನಾಗುವವರೇ ಅಲ್ಲ. 'ಡ್ಯಾಮು ಸರ್ಕಾರದ್ದೇ ಇರ್ಲಿ. ಆ ನೀರಾಗ ಬೆಳೆದ ಭತ್ತ ಕೊಂಡೋರು ಯಾರು? ಕಾಲುವಿ ಬಂದು ಕೊಂಡ್ತೇನು?' ಅಮೆರಿಕದ ಬ್ಯಾಂಕುಗಳು ಮುಳುಗಿದ ವರ್ಷ ಮಾವನವರು ಬಸ್ಸು ಹತ್ತಿಕೊಂಡು ಶಿಕಾರಿಪುರಕ್ಕೇ ಬಂದಿದ್ದರು, ನೆನಪಿದೆಯೇ? ಒಳಗೆ ಬರುವ ಮೊದಲೇ, ಚಪ್ಪಲಿ ಬಿಡುತ್ತಲೇ, 'ಎತ್ತಿದ್ದು ಯಾರು? ಸರ್ಕಾರ!' ಎಂದರು. ಆಮೇಲೆ ಕಾರ್ಮಿಕರೇ ಮಾಲೀಕರಾಗಿ ನಡೆಸುತ್ತಿದ್ದ ಮಲೆನಾಡಿನ ಬಸ್ಸುಗಳು ನಿಂತುಹೋದಾಗ ಮಾತ್ರ ನೀವು ಆ ವಿಷಯ ಎತ್ತಲಿಲ್ಲ. ಎತ್ತಬಹುದಿತ್ತು. ಅವರ ಮುಖ ನೋಡಿ ಬಿಟ್ಟಿರಿ. ನಿಮ್ಮ ಬಗ್ಗೆ ನನಗೆ ಗೌರವ ಹೆಚ್ಚಿದ ದಿನಗಳಲ್ಲಿ ಅದೂ ಒಂದು.

ಮೊನ್ನೆ ಭಾನುವಾರ ನೀವು ಎಂದಿನಂತೆ ಪೇಪರು ಮಡಿಸಿ ಶುರು ಮಾಡಿದಿರಿ. 'ವ್ಯಾಪಾರ ಮಾಡೋದು ಸರ್ಕಾರದ ಕೆಲ್ಸ ಅಲ್ರೀ ಬೀಗ್ರ.' ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಮಾವನವರ ಉತ್ತರ ನನಗೆ ಬಾಯಿಪಾಠ, 'ಹಂಗಾರೆ ಸರ್ಕಾರದ ಕೆಲ್ಸ ಏನು, ನಿಮ್ಮ ಅಂಗಡಿ ಕಾಯೋದಾ?' ಅದು ಬರಲಿಲ್ಲ. ಆಮೇಲೆ ಅವರ ದನಿ, 'ನೀವು ಹೇಳೋದು ಸರಿ ಐತೆ ಬೀಗ್ರೇ. ಎಲ್ಲರ್ದೂ ಅಂದ್ರೆ ಯಾರ್ದೂ ಅಲ್ಲ.' ಅದು ನಿಮ್ಮದೇ ಮಾತು. ಅಕ್ಷರ ಅಕ್ಷರ ನಿಮ್ಮದೇ. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅವರು ತಟ್ಟೆ ಎಳೆದುಕೊಂಡು, ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಮಡಿಸಿ ನಿಮ್ಮ ಕೈಗೆ ಕೊಟ್ಟರು. ನೀವು 'ಅಲಲಲಾ!' ಎಂದು ಕೂಗಿದಿರಿ, ಸಾಹೇಬರು ಚಪ್ಪಾಳೆ ಹೊಡೆದರು. ಆ ಗದ್ದಲದಲ್ಲಿ ಅವರು ಹೇಳಿದ ಇನ್ನೊಂದು ಮಾತು ನಿಮಗೆ ಕೇಳಿಸಿತೋ ಇಲ್ಲವೋ. 'ನಮ್ಮ ಗದ್ದೆನೂ ಲೀಸಿಗೆ ಕೊಟ್ಟುಬಿಡಾಣ ಅಂತಿದೀನಿ. ಶುಂಠಿ ಕಂಪನಿಯೋರು ಬಂದು ಕೇಳಿ ಹೋಗ್ಯಾರೆ.'

ನಮ್ಮ ಅತ್ತೆ ಬಸವಣ್ಣೆಮ್ಮನವರು ಅಲ್ಲಿಯೇ ಕಂಬಕ್ಕೆ ಒರಗಿ ಕೂತಿದ್ದರು. ಅವರು ಕೆಳಗೆ ನೋಡಿದರು. ಯಾಕೆಂದು ನಿಮಗೆ ತಿಳಿಯಬೇಕಾದರೆ ಈ ಮನೆಯ ಒಂದು ಶಬ್ದದ ಬಗ್ಗೆ ಹೇಳಬೇಕು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಿಟಕಿಗೆ ಪರದೆ ಹೊಲಿಸಬೇಕಿತ್ತು. ಎಷ್ಟು ಬಟ್ಟೆ ಬೇಕು ಎಂದು ಅತ್ತೆ ಕೇಳಿದರು. ನೀವು ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಿರಿ. ನಾನು ಕಿಟಕಿಯ ಮೇಲೆ ಕೈ ಅಗಲಿಸಿ ಅಳೆದು, ಜೋರಾಗಿ, 'ಎಂಟು ಗೇಣಿ ಅತ್ತೆ' ಎಂದೆ. ಗೇಣು ಎನ್ನಬೇಕಿತ್ತು. ಅತ್ತೆ ಓಡಿಬಂದು ನನ್ನ ಬಾಯಿ ಮುಚ್ಚಿದರು, ನಿಜವಾಗಿಯೂ ಕೈಯಿಂದ. 'ಆ ಮಾತು ಈ ಮನೆಯಾಗೆ ಆಡಬಾರ್ದು ಕಣೇ, ಮಾವ ಕೇಳಿದ್ರೆ ಉಣ್ಣಲ್ಲ' ಎಂದರು. ಗೇಣಿ ಎಂದರೆ ಏನೆಂದು ನಾನು ಆಮೇಲೆ ಗುರುವನ್ನು ಕೇಳಿ ತಿಳಿದುಕೊಂಡೆ. ಉಳುವವನು ಒಡೆಯನಿಗೆ ಅಳೆದು ಕೊಡುವ ಭತ್ತ. ಮಾವನವರ ಅಪ್ಪ ಪ್ರತಿ ಸುಗ್ಗಿಗೆ ಒಡೆಯರ ಅಂಗಳಕ್ಕೆ ಗೇಣಿ ಹೊತ್ತು ಹೋಗಿ, ಯಾರಾದರೂ ಬಂದು ಅಳೆಸಿಕೊಳ್ಳುವವರೆಗೆ ಬಿಸಿಲಲ್ಲಿ ನಿಂತಿರುತ್ತಿದ್ದರಂತೆ. ಮಾವನವರು ಹುಡುಗನಾಗಿ ಜೊತೆಗೆ ಹೋಗಿದ್ದಾರೆ. ಆಮೇಲೆ ಕಾನೂನು ಬಂತು, ಉಳುವವನೇ ಒಡೆಯ ಎಂದಾಯಿತು, ಗದ್ದೆ ಇವರದಾಯಿತು. ಅಂದಿನಿಂದ ಈ ಮನೆಯಲ್ಲಿ ಗೇಣಿ ಎಂಬ ಶಬ್ದ ಇಲ್ಲ. ಸಮಾಜವಾದ ಎಂದರೆ ಮಾವನವರಿಗೆ ರಷ್ಯಾ ಅಲ್ಲ, ಪುಸ್ತಕ ಅಲ್ಲ. ಆ ಶಬ್ದ ಸತ್ತದ್ದು, ಅಷ್ಟೇ.

ಅಂಥವರು ಗದ್ದೆ ಲೀಸಿಗೆ ಎಂದರು. ಗೇಣಿಗೆ ಇಂಗ್ಲಿಷ್ ಹೆಸರು ಇಟ್ಟರೆ ಅದು ಬೇರೆಯಾಗುತ್ತದೆಯೇ? ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನಗೇ ಹಾಗೆ ಅನ್ನಿಸಲಿಲ್ಲ.

ನೀವು ಹೋದ ಮೇಲೆ ಗುರು ಕೈ ತೊಳೆಯುವ ಕಲ್ಲಿನ ಹತ್ತಿರ ನನ್ನನ್ನು ಕರೆದು, 'ನೀಲಾ, ನಮ್ಮಪ್ಪ ನಮ್ಮಪ್ಪನ ಥರ ಮಾತಾಡ್ತಿಲ್ಲ' ಎಂದರು. ಅವರ ದನಿ ಸಣ್ಣ ಹುಡುಗನ ದನಿಯಂತಿತ್ತು. ನಿಮಗೆ ಗೊತ್ತು, ಅವರ ಮೆಡಿಕಲ್ ಅಂಗಡಿಗೆ ದಿನಾ ಯಾರಾದರೂ ಒಬ್ಬ ಮಗ ಬರುತ್ತಾನೆ, ಅಪ್ಪನ ಮರೆವಿನ ಮಾತ್ರೆ ಕೇಳಿಕೊಂಡು. ಅವರೆಲ್ಲ ಶುರುವಿನಲ್ಲಿ ಹೇಳುವುದು ಇದೇ ಮಾತಂತೆ. ಬೇರೆ ಲಕ್ಷಣಗಳನ್ನೂ ಗುರು ಕೂಡಿಸಿಟ್ಟಿದ್ದರು. ಸಂತೆಯಿಂದ ಒಂದೇ ಸೊಪ್ಪನ್ನು ಎರಡು ಸಲ ತಂದದ್ದು. ಚಂದ್ರಗುತ್ತಿಗೆ ಹೋಗಿ ಬಂದ ದಿನ ಬಸ್ಸಿಳಿದು ಪಕ್ಕದ ಮನೆಯ ಗೇಟಿನ ಮುಂದೆ ನಿಂತುಬಿಟ್ಟದ್ದು. ಅವು ಸುಳ್ಳಲ್ಲ. ನಾನೂ ನೋಡಿದ್ದೇನೆ. ಆದರೆ ಅವು ಆದಾಗ ಯಾರೂ ಡಾಕ್ಟರ ಮಾತೆತ್ತಲಿಲ್ಲ. ನಿಮಗೆ ಎಲೆ ಮಡಿಸಿ ಕೊಟ್ಟ ಮೇಲೆ ಎತ್ತಿದೆವು.

ಮಾರನೆಯ ದಿನ ಗುರು ಎಲ್ಲಿಂದಲೋ ಜ್ಞಾಪಕಶಕ್ತಿ ಪರೀಕ್ಷೆಯ ಪ್ರಶ್ನೆಗಳನ್ನು ತಂದು, ಪೆನ್ನು ಹಿಡಿದು ಜಗಲಿಯಲ್ಲಿ ಕೂತರು. ಮಾವನವರು ಕನ್ನಡಕ ಹಾಕಿಕೊಂಡು, 'ಇದೇನೋ, ಮತ್ತೆ ರೇಷನ್ ಕಾರ್ಡಿನೋರು ಏನಾದ್ರೂ ಕೇಳ್ಯಾರಾ?' ಎಂದರು. ವಾರ ಹೇಳಿದರು, ತಿಂಗಳು ಹೇಳಿದರು. 'ಈಗ ದೇಶ ನಡೆಸೋರು ಯಾರಪ್ಪ?' ಎಂದು ಗುರು ಕೇಳಿದರು. ಪ್ರಧಾನಿಯ ಹೆಸರು ಹೇಳಬೇಕಿತ್ತು. ಮಾವನವರು, 'ಕಂಪನಿಯೋರು' ಎಂದರು. ಗುರು ಪೆನ್ನು ಎತ್ತಿ ನನ್ನ ಕಡೆ ನೋಡಿದರು. ತಪ್ಪು ಎಂದು ಹಾಕಿದರು. ನಾನಾಗಿದ್ದರೆ ಏನು ಹಾಕುತ್ತಿದ್ದೆ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಅತ್ತೆ ಒಳಗಿನಿಂದಲೇ, 'ನಿಮ್ಮಪ್ಪನ್ನ ಬಿಟ್ಟು ನನ್ನ ಕೇಳೋ, ನಂಗೂ ಗೊತ್ತಿಲ್ಲ, ನನ್ನೂ ಕರ್ಕಂಡು ಹೋಗು ಶಿವಮೊಗ್ಗ ನೋಡಿದ ಹಂಗೂ ಆಗುತ್ತೆ' ಎಂದರು. ಯಾರೂ ನಗಲಿಲ್ಲ.

ಆ ದಿನದಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಅಭಿಪ್ರಾಯ ಬದಲಾಗುವುದು ಯಾವಾಗ ಕಾಯಿಲೆಯಾಗುತ್ತದೆ? ವಯಸ್ಸಾದ ಒಬ್ಬ ಮನುಷ್ಯ ಪೇಪರು ಓದಿ, ಲೋಕ ನೋಡಿ, ನಾನು ತಿಳಿದಿದ್ದು ತಪ್ಪು ಎಂದರೆ, ಅದು ಬುದ್ಧಿಯ ಲಕ್ಷಣ ಎಂದಲ್ಲವೇ ನಾನು ಮಕ್ಕಳಿಗೆ ಹೇಳುವುದು? ಸಿಟ್ಟಾಗಬೇಡಿ, ಒಂದು ಮಾತು ಹೇಳುತ್ತೇನೆ. ನಾಳೆ ಬೆಳಿಗ್ಗೆ ನೀವು ಎದ್ದು, ಈ ಮಂಡಿ ಹಮಾಲರಿಗೇ ಸೇರಬೇಕು ಎಂದರೆ ಅಣ್ಣ ಏನು ಮಾಡುತ್ತಾನೆ? ಶಿವಮೊಗ್ಗ ಸಾಲದೆಂದು ಮಣಿಪಾಲಕ್ಕೇ ಕರೆದುಕೊಂಡು ಹೋಗುತ್ತಾನೆ. ನಾವು ನಿಮ್ಮಿಬ್ಬರನ್ನೂ ಪ್ರೀತಿಸುವುದು ನಿಮ್ಮ ನಿಮ್ಮ ಕುರ್ಚಿಯಲ್ಲಿ ನೀವು ಕೂತಿದ್ದರೆ ಮಾತ್ರವೇ?

ಬುಧವಾರ ಕಾಲೇಜಿಗೆ ರಜೆ ಇತ್ತು. ಮಾವನವರು ಗದ್ದೆಗೆ ಹೊರಟಾಗ, ದಾರಿ ತಪ್ಪಿಯಾರು ಎಂದು ಗುರು ನನ್ನನ್ನು ಜೊತೆಗೆ ಕಳಿಸಿದರು. ಕೊಯ್ಲು ಮುಗಿದ ಗದ್ದೆ, ಕೂಳೆ ಒಣಗಿ ನಿಂತಿತ್ತು. ಅವರು ದಾರಿ ತಪ್ಪಲಿಲ್ಲ. ಬದುವಿನ ಮೇಲೆ ಕೂತು, ನಾನು ಕೇಳುವ ಮೊದಲೇ, 'ಗುರು ನನ್ನ ತಲೆ ತೋರಿಸಾಕೆ ಕರ್ಕಂಡು ಹೋಗ್ತಾನಂತಲ್ಲ' ಎಂದರು. ನಾನು ಹೌದು ಎಂದೆ. ಸುಳ್ಳು ಹೇಳಲು ಆಗಲಿಲ್ಲ.

'ಮಾವ, ನಿಜವಾಗಿಯೂ ಅಪ್ಪಾಜಿ ಮಾತು ಒಪ್ಪಿದಿರಾ?' ಎಂದು ಕೇಳಿದೆ.

ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ. ಈ ಸಲ ಸುಗ್ಗಿ ಮುಗಿದು ದುರುಗಮ್ಮ ಮತ್ತು ಅವಳ ಗಂಡ ಭತ್ತದ ಚೀಲಗಳನ್ನು ಗಾಡಿಯಲ್ಲಿ ಹೇರಿಕೊಂಡು ನಮ್ಮ ಅಂಗಳಕ್ಕೆ ತಂದರಲ್ಲ, ಅವತ್ತು ಮಾವನವರೊಬ್ಬರೇ ಮನೆಯಲ್ಲಿದ್ದರು. ದುರುಗಮ್ಮ ನಿಮಗೆ ಗೊತ್ತು, ಬಾಯಿ ತುಂಬಾ ಎಲೆ ಹಾಕಿಕೊಂಡು, ನಿಮ್ಮನ್ನು 'ಜೋಳದ ಸಾವ್ಕಾರ್ರು' ಎಂದು ಕರೆಯುತ್ತಾಳಲ್ಲ, ಅವಳು. ಮಾವನವರಿಗೆ ಕೈಲಾಗದೆ ಆದಾಗಿನಿಂದ ನಮ್ಮ ಗದ್ದೆ ಮಾಡುತ್ತಿರುವುದು ಆ ಗಂಡ ಹೆಂಡತಿ. ಬೆಳೆದದ್ದರಲ್ಲಿ ಅರ್ಧ ತಂದು ಹಾಕುತ್ತಾರೆ. ನಾವು ಅದನ್ನು ಪಾಲು ಎನ್ನುತ್ತೇವೆ. ಅತ್ತೆ ಹಾಗೆಯೇ ಹೇಳಿಕೊಟ್ಟಿದ್ದಾರೆ. ಅವತ್ತು ಅತ್ತೆ ಇರಲಿಲ್ಲ. ದುರುಗಮ್ಮ ಗಾಡಿಯ ಹತ್ತಿರ ನಿಂತು, ಏನೂ ಕೆಟ್ಟದ್ದು ಮನಸ್ಸಿನಲ್ಲಿಲ್ಲದೆ, 'ಗೌಡ್ರೇ, ಗೇಣಿ ಭತ್ತ ಎಲ್ಲಿ ಇಳಸ್ಲಿ?' ಎಂದು ಕೂಗಿದಳಂತೆ.

'ಅವಳ ಮನೆಯಾಗೆ ಅದಕ್ಕೆ ಹಂಗೇ ಅಂತಾರೆ ಕಣವ್ವ,' ಎಂದರು ಮಾವನವರು. 'ನಮ್ಮ ಮನೆಯಾಗೆ ಮಾತ್ರ ಪಾಲು. ನಾನು ಜಗಲಿ ಮ್ಯಾಲಿದ್ದೆ, ಅವಳು ಬಿಸಿಲಾಗೆ ನಿಂತಿದ್ಲು. ಅವಳು ಸುಳ್ಳು ಹೇಳ್ಲಿಲ್ಲ.'

ಕಾಲ ಬಳಿಯ ಕೂಳೆ ಕೀಳುತ್ತಾ ಮುಂದುವರಿಸಿದರು. 'ಉಳೋನೇ ಒಡೆಯ ಅಂತ ಈ ಬಾಯಾಗೆ ಕೂಗಿದೀನಿ. ಈಗ ಉಳ್ತಿರೋರು ಯಾರು? ಕಾನೂನು ಬಿಡು, ಕಾನೂನಿಗೆ ಇದು ಕಾಣಲ್ಲ. ನಂಗೆ ಕಾಣುತ್ತಲ್ಲ. ಸಮಾಜವಾದಿ ಅಂತ ಹೇಳ್ಕಂಡು ಗೇಣಿ ಉಣ್ಣೋದಕ್ಕಿಂತ ಬಂಡವಾಳಶಾಹಿ ಅಂತ ಹೇಳ್ಕಂಡು ಉಣ್ಣೋದು ವಾಸಿ. ನಿಮ್ಮಪ್ಪ ಅಷ್ಟಾದ್ರೂ ನೆಟ್ಟಗೆ ಹೇಳ್ತಾನೆ.'

ಅದಕ್ಕೆ ಅವರು ನಿಮಗೆ ಸೋತದ್ದು. ನಿಮ್ಮ ವಾದ ಕೇಳಿ ಅಲ್ಲ, ಅಪ್ಪಾಜಿ. ಇದು ತಿಳಿದು ನಿಮಗೆ ಬೇಸರವಾಗಬಹುದು.

ನಾನು ಮೇಡಂ ಅಲ್ಲವೇ, ಸಮಾಧಾನ ಹೇಳಲು ಹೋದೆ. ಎಲ್ಲಾ ಕಡೆ ಹೀಗೇ ಇದೆ ಮಾವ, ಪೂರ್ತಿ ಅದು ಪೂರ್ತಿ ಇದು ಅಂತ ಎಲ್ಲೂ ಇಲ್ಲ, ಎರಡೂ ಬೆರೆತಿರುತ್ತದೆ ಎಂದೆ. ಅವರು ನಕ್ಕರು. 'ನಿನ್ನ ಮಿಶ್ರ ಆರ್ಥಿಕತೆ ಅಂದ್ರೆ ಇದೇ ಅಲ್ವೇನವ್ವ? ದುರುಗಮ್ಮ ಉಳೋದು, ನಾವು ಉಣ್ಣೋದು.' ಆಮೇಲೆ ನಗು ನಿಲ್ಲಿಸಿ ಹೇಳಿದರು, 'ಈ ನಡುವಿಂದು ನಂಗೆ ಆಗಲ್ಲ. ಎರಡೇ ದಾರಿ. ಒಂದೋ ಕಂಪನಿಗೆ ಕೊಟ್ಟು ನಿಮ್ಮಪ್ಪನ ಪಕ್ಕದಾಗೆ ಕೂತ್ಕಳ್ತೀನಿ. ಇಲ್ಲ, ಕಾಲುವೆ ಈಚೆಗಿನ ಅರ್ಧ ಗದ್ದೆ ದುರುಗಮ್ಮನ ಹೆಸರಿಗೆ ಬರೆದು ನನ್ನ ಜಾಗದಾಗೆ ನಾನು ಕೂತ್ಕಳ್ತೀನಿ. ಎರಡ್ನೇದು ಮಾಡಾಕೆ ಆಸೆ. ಗುರು ಮುಖ ನೋಡಿ ಹೇಳಾಕೆ ಆಗ್ಲಿಲ್ಲ, ಅದಕ್ಕೆ ಮೊದಲ್ನೇದು ಹೇಳ್ದೆ. ನೀನೇ ಹೇಳವ್ವ ಅವನಿಗೆ.'

ನಾನು ಹೇಳುತ್ತೇನೆ ಎಂದೆ. ಹೇಳಿಲ್ಲ. ಇವತ್ತು ಶುಕ್ರವಾರ.

ಕಂಪನಿಗೆ ಕೊಟ್ಟರೆ ದುರುಗಮ್ಮ ಗದ್ದೆಯಿಂದ ಹೊರಗೆ. ಅವರು ಯಂತ್ರ ತರುತ್ತಾರೆ, ಆಳುಗಳನ್ನೂ ಹೊರಗಿನಿಂದಲೇ ತರುತ್ತಾರೆ. ದುರುಗಮ್ಮನಿಗೆ ಕೊಟ್ಟರೆ ಗುರುವಿಗೆ, ನಾಳೆ ರಕ್ಷಿತಾಗೆ, ಒಳ್ಳೆಯ ಅರ್ಧ ಗದ್ದೆ ಇಲ್ಲ. ಇದ್ದ ಹಾಗೆ ಬಿಟ್ಟರೆ ಮಾವನವರು ಉಣ್ಣುತ್ತಾರೆ, ಆದರೆ ತಟ್ಟೆ ನೋಡದೆ. ಈಗಾಗಲೇ ಹಾಗೆಯೇ ಉಣ್ಣುತ್ತಿದ್ದಾರೆ. ನಾನು ಅದನ್ನು ಹಸಿವು ಕಡಿಮೆಯಾಗಿದೆ ಎಂದು ಗುರುವಿಗೆ ಹೇಳಿದ್ದೆ. ಅವರು ಅದನ್ನೂ ಲಕ್ಷಣಗಳಲ್ಲಿ ಸೇರಿಸಿಕೊಂಡರು.

ಇನ್ನು ನನ್ನ ಭಯ ಹೇಳುತ್ತೇನೆ. ಸೋಮವಾರ ಡಾಕ್ಟರು ಮಾವನವರನ್ನು ನೋಡಿ ಹೊರಗೆ ಕೂರಿಸಿ ನಮ್ಮನ್ನು ಕೇಳುತ್ತಾರೆ, ನೀವು ಏನು ಬದಲಾವಣೆ ಕಂಡಿರಿ ಎಂದು. ಕಾಲೇಜು ಬಿಟ್ಟ ಮೇಲೆ ಅವರ ಜೊತೆಗಿರುವವಳು, ಅವರ ಮಾತು ಹೆಚ್ಚು ಕೇಳುವವಳು ನಾನು ಎಂದು ಗುರು ನನ್ನನ್ನು ಮುಂದೆ ಮಾಡುತ್ತಾರೆ. ನಾನು ಏನೆನ್ನಲಿ? 'ಮೊದಲು ಖಾಸಗೀಕರಣ ತಪ್ಪು ಎನ್ನುತ್ತಿದ್ದರು, ಈಗ ಸರಿ ಎನ್ನುತ್ತಾರೆ' ಎನ್ನಲೇ? ಅವರು ಬರೆದುಕೊಳ್ಳುತ್ತಾರೆ. ಕಾಯಿಲೆ ಎಂದು ಅವರು ಒಂದು ಸಾಲು ಬರೆದುಕೊಟ್ಟರೆ, ಆಮೇಲೆ ಮಾವನವರು ಎಲ್ಲಿ ಸಹಿ ಹಾಕಿದರೂ ಅದು ಬುದ್ಧಿ ಸರಿಯಿಲ್ಲದವರ ಸಹಿ ಎಂದು ಯಾರಾದರೂ ಹೇಳಬಹುದು. ಗುರುವಿನ ಮನಸ್ಸಿನಲ್ಲಿ ಅಂಥ ಯೋಚನೆ ಇಲ್ಲ, ನಾನು ಬಲ್ಲೆ. ದುರುಗಮ್ಮನ ಮಾತೇ ಅವರಿಗೆ ಗೊತ್ತಿಲ್ಲ. ಅಪ್ಪನನ್ನು ಕಳೆದುಕೊಳ್ಳುವ ಹೆದರಿಕೆಯೊಂದೇ ಅವರಿಗೆ. ಆದರೆ ಆ ಯೋಚನೆ ಬಂದದ್ದು ನನಗೆ. ಬುಧವಾರ ಗದ್ದೆಯಿಂದ ಹಿಂದಿರುಗುವಾಗ, ಡಾಕ್ಟರು ಕಾಯಿಲೆ ಎಂದೇ ಹೇಳಿಬಿಟ್ಟರೆ ನನಗೆ ಎಷ್ಟು ಹಗುರವಾಗುತ್ತದೆ ಎಂದು ಒಂದು ಕ್ಷಣ ಅನ್ನಿಸಿತು. ಯಾರೂ ಏನೂ ನಿರ್ಧರಿಸಬೇಕಿಲ್ಲ, ಮಾತ್ರೆ ಕೊಟ್ಟರಾಯಿತು. ಮಾವನವರು ಮುಂದೆ ನಡೆಯುತ್ತಿದ್ದರು. ಬದುವಿನಲ್ಲಿ ಜಾರಿದ್ದ ಕಡೆ ನಿಂತು, ನನ್ನ ಕೈ ಹಿಡಿದು ದಾಟಿಸಿದರು. ನನಗೆ ಆ ಕೈ ಹಿಡಿಯಲು ನಾಚಿಕೆಯಾಯಿತು.

ಇನ್ನೂ ಒಂದು ಕಷ್ಟವಿದೆ. ಅವರ ಮಾತು ಸರಿಯಾಗಿಯೇ ಇದೆ ಎಂದು ನಾನು ಹಿಗ್ಗುವಂತೆಯೂ ಇಲ್ಲ. ಸೊಪ್ಪು ಎರಡು ಸಲ ತಂದದ್ದು ನಿಜ. ಪಕ್ಕದ ಗೇಟಿನ ಮುಂದೆ ನಿಂತಾಗ ಅವರ ಕಣ್ಣಿನಲ್ಲಿ ನಾನು ಕಂಡದ್ದು ತಮಾಷೆಯಲ್ಲ. ಕಾಯಿಲೆಯೂ ಇರಬಹುದು, ಮಾತೂ ಸರಿಯಿರಬಹುದು. ಎರಡೂ ಒಟ್ಟಿಗೆ ಇರಬಾರದೆಂದು ಯಾರು ಹೇಳಿದರು? ಹಾಗಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು, ತಡ ಮಾಡಬಾರದು. ಹಾಗಿದ್ದರೆ ಅವರ ಆಸೆಯನ್ನು ಕೇಳುವುದಕ್ಕೂ ತಡ ಮಾಡಬಾರದು. ಮರೆವು ಬಂದು ಆ ಶಬ್ದವನ್ನೂ ಮರೆತುಬಿಟ್ಟರೆ ಅವರಿಗೆ ನೆಮ್ಮದಿಯಾದೀತು. ನಮಗೆ?

ಇಷ್ಟೆಲ್ಲ ಬರೆದರೂ, ಗದ್ದೆ ದುರುಗಮ್ಮನಿಗೆ ಹೋಗಲಿ ಎಂದು ನನಗೇ ಆಸೆಯಿದೆಯೇ ಎಂದರೆ ಇಲ್ಲ. ರಕ್ಷಿತಾಳ ಮುಖ ಕಣ್ಣ ಮುಂದೆ ಬರುತ್ತದೆ. ಗೆರೆಯ ಈ ಕಡೆ ಆ ಕಡೆ ಬರೆಸುವುದು ಸುಲಭ. ನಮ್ಮ ಗದ್ದೆಯ ನಡುವೆ ಗೆರೆ ಎಳೆಯುತ್ತಾರೆ ಎಂದಾಗ ನಾನು ಯಾವ ಕಡೆ ನಿಲ್ಲುವವಳು ಎಂದು ನನಗೆ ಗೊತ್ತಾಗಿದೆ. ಅದಕ್ಕೇ ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿರುವುದು.

ಭಾನುವಾರ ಬನ್ನಿ, ಅಪ್ಪಾಜಿ. ಬೆಳಗಿನ ಬಸ್ಸಿಗೇ ಬನ್ನಿ. ಊಟವಾದ ಮೇಲೆ ಮಾವನವರ ಎದುರಿನಲ್ಲೇ, ಅವರ ಮಾತನ್ನು ಗುರುವಿಗೆ ಹೇಳುತ್ತೇನೆ. ಗುರು ಮೊದಲು ನಿಮ್ಮ ಮುಖ ನೋಡುತ್ತಾರೆ. ಆಸ್ತಿಯ ವಿಷಯದಲ್ಲಿ ಅವರಿಗೆ ನಿಮ್ಮ ಮಾತೇ ಮಾತು. ಆಗ ನೀವು ಮಾವನವರ ಪಕ್ಷ ವಹಿಸಿ ಎಂದು ನಾನು ಕೇಳುವುದಿಲ್ಲ. ಸಮಾಜವಾದ ಒಪ್ಪಿಕೊಳ್ಳಿ ಎನ್ನುವುದಿಲ್ಲ. ನಿಮ್ಮ ಪಕ್ಷವನ್ನೇ ನೀವು ಪೂರ್ತಿ ಹೇಳಿ. ಭೂಮಿತಿ ಕಾನೂನಿನ ಮಾತು ಬಂದಾಗಲೆಲ್ಲ ನೀವು ತೊಡೆ ತಟ್ಟಿ ಹೇಳುವುದುಂಟು, 'ನನ್ನ ಆಸ್ತಿ ನಾನು ಇಟ್ಕಂತೀನಿ, ಮಾರ್ತೀನಿ, ಯಾರಿಗಾರ ಕೊಡ್ತೀನಿ, ಕೇಳಾಕ ಸರ್ಕಾರ ಯಾರು?' ಅದು ನಿಮ್ಮ ಬಂಡವಾಳಶಾಹಿಯ ತಳಪಾಯ. ಅದು ನಿಜವೇ ಆದರೆ, ಮಾವನವರ ಗದ್ದೆ ಮಾವನವರದು. ಕೇಳಲು ಮಗ ಯಾರು, ಸೊಸೆ ಯಾರು ಎಂದೂ ನೀವು ಹೇಳಬೇಕಾಗುತ್ತದೆ. ನಿಮ್ಮ ಸ್ವಂತ ಮಗಳ ಮುಖ ನೋಡಿ ಹೇಳಬೇಕಾಗುತ್ತದೆ. ಆಗುತ್ತದೆಯೇ? ಆಗದಿದ್ದರೆ ಅದನ್ನೇ ಹೇಳಿ. ಆಸ್ತಿ ಒಬ್ಬನದಲ್ಲ, ಮನೆಯವರೆಲ್ಲರದು ಎಂದು ನಿಮ್ಮ ಬಾಯಲ್ಲಿ ಬಂದರೆ ಮಾವನವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಅವರ ಕಣ್ಣಿಗೆ ಹೊಳಪು ಬರುತ್ತದೆ, ಅವರು ತಮ್ಮ ಹಳೆಯ ದನಿಯಲ್ಲಿ ಕೂಗುತ್ತಾರೆ. ನೀವು ಯಾವುದನ್ನು ಹೇಳಿದರೂ ಗುರುವಿಗೆ ಒಂದು ವಿಷಯ ಕಾಣುತ್ತದೆ, ಅವರ ಅಪ್ಪ ಇನ್ನೂ ಅಲ್ಲಿಯೇ ಇದ್ದಾರೆ ಎಂದು. ಆಮೇಲೆ ಸೋಮವಾರ ಶಿವಮೊಗ್ಗಕ್ಕೆ ಹೋಗೋಣ. ಡಾಕ್ಟರಿಗೆ ನಾನು ಸೊಪ್ಪಿನ ವಿಷಯ ಹೇಳುತ್ತೇನೆ, ಗೇಟಿನ ವಿಷಯ ಹೇಳುತ್ತೇನೆ. ಮಾವನವರು ಯಾವ ವಾದ ಒಪ್ಪಿದರು, ಯಾವುದನ್ನು ಬಿಟ್ಟರು ಎನ್ನುವುದನ್ನು ಹೇಳುವುದಿಲ್ಲ. ಅದು ಡಾಕ್ಟರ ಕೆಲಸವಲ್ಲ.

ನೀವು ಬರದಿದ್ದರೂ ಹೇಳುತ್ತೇನೆ. ಗುರು ಎದ್ದು ಹೋಗಬಹುದು, ಅತ್ತೆ ಅಳಬಹುದು. ಗದ್ದೆ ಯಾರಿಗೆ ಎನ್ನುವುದು ಅವತ್ತೇ ತೀರ್ಮಾನವಾಗುವುದಿಲ್ಲ, ಬಹುಶಃ ಈ ವರ್ಷವೂ ಆಗುವುದಿಲ್ಲ. ಆದರೆ ಒಬ್ಬ ಮನುಷ್ಯ ಯೋಚಿಸಿ ಹೇಳಿದ ಮಾತನ್ನು ಕಾಯಿಲೆ ಎಂದು ಬರೆಸಿ ಬಾಯಿ ಮುಚ್ಚಿಸಲು ನಾನು ಒಪ್ಪುವುದಿಲ್ಲ. ನನಗೆ ಅದರಿಂದ ಲಾಭವಿದ್ದರೂ.

ಬೆಲ್ಲು ಹೊಡೆಯಿತು. ಎರಡನೇ ವರ್ಷದ ಮಕ್ಕಳು ಕಾಯುತ್ತಿದ್ದಾರೆ.

ಮೈ ಕಡೆ ಜೋಪಾನ, ಅಪ್ಪಾಜಿ. ನಿಮ್ಮ ಬುದ್ಧಿ ಎಷ್ಟು ಸಲ ಬದಲಾದರೂ ಕೊನೆಯವರೆಗೂ ನಿಮ್ಮದೇ ಆಗಿರಲಿ ಎಂದು ಬೇಡಿಕೊಳ್ಳುವ,

ನಿಮ್ಮ ಮಗಳು
ನೀಲಾಂಬಿಕ